ತಮಟೆ ಬೇಕು, ತಮಟೆಯವರು ಬೇಡವೇ?

ಸಂಜೆ ಹೊತ್ತು ಬಸ್ ಸ್ಟ್ಯಾಂಡಿನ ಕಡೆಯಿಂದ ತಮಟೆ ಸದ್ದು ಕೇಳಿಸಿದರೆ ಸಾಕು, ನಿಂತ ಬಸ್ಸಿನ ಕಿಟಕಿಗಳಿಂದ ಹತ್ತು ತಲೆ ಹೊರಕ್ಕೆ ಬರುತ್ತವೆ. "ಏನ್ರೀ ಅದು, ದೇವರೋ, ಹೆಣವೋ, ಧರಣಿಯೋ?" ಅಂತ ಒಬ್ಬರು ಕೇಳುತ್ತಾರೆ. ಎದುರು ಅಂಗಡಿಯ ಯಜಮಾನರು ತಕ್ಕಡಿ ಬಿಟ್ಟು ಬರದೆ, ಕಿವಿಯಲ್ಲೇ ತೂಗಿ ಹೇಳಿಬಿಡುತ್ತಾರೆ: "ಧರಣಿ ಸ್ವಾಮಿ, ಹೊಡೆತ ಕೇಳಿದರೆ ಗೊತ್ತಾಗಲ್ವೇ?" ಹೌದು, ಗೊತ್ತಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹೆಣದ ಮುಂದಿನ ಗತ್ತೇ ಬೇರೆ, ದೇವರ ಮುಂದಿನ ಗತ್ತೇ ಬೇರೆ ಅನ್ನೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸದ್ದು ಎಲ್ಲರಿಗೂ ಪರಿಚಯ. ಸದ್ದು ಮಾಡುವವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಈ ಊರುಗಳಲ್ಲಿ ತಮಟೆ ಇಲ್ಲದೆ ಯಾವ ಕೆಲಸ ನಡೆದಿದೆ? ಊರ ಜಾತ್ರೆಗೆ ತಮಟೆ. ಹೂವಿನ ಪಲ್ಲಕ್ಕಿಗೆ ತಮಟೆ. ಗಣಪತಿ ಬಿಡೋದಕ್ಕೆ ತಮಟೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ, ನವೆಂಬರ್ 1ರ ರಾಜ್ಯೋತ್ಸವಕ್ಕೆ ತಮಟೆ. ಚುನಾವಣೆ ಬಂದರೆ ನಾಮಪತ್ರ ಕೊಡಲು ಹೋಗುವ ಹುರಿಯಾಳಿನ ಮುಂದೆ ತಮಟೆ, ಗೆದ್ದರೆ ಮತ್ತೆ ತಮಟೆ. ಸೋತವರ ಮನೆ ಮುಂದೆ ಗೆದ್ದವರ ಕಡೆಯವರು ಹೊಡೆಸುವ ತಮಟೆ ಇನ್ನೊಂದು ಬಗೆ, ಅದರ ಮಾತು ಬೇಡ. ಹೊಸ ಬಟ್ಟೆ ಅಂಗಡಿ ತೆರೆದರೂ, ಚಿಟ್ ಫಂಡಿನವನು ಓಡಿಹೋಗಿ ಜನ ಬೀದಿಗೆ ಬಂದರೂ ಅದೇ ತಮಟೆ. ನೀರು ಬಿಡದ ಊರಲ್ಲಿ ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯ್ತಿ ಆಫೀಸಿನ ಮುಂದೆ ಕೂತರೆ ಅಲ್ಲಿಗೂ ಅದೇ ನಾಲ್ಕೈದು ಜನ ಬಂದು ಹೊಡೆಯಬೇಕು. ಸರ್ಕಾರದವರೇನು ಕಡಿಮೆಯೇ? 2010ರ ದಶಕದಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಆಸ್ತಿ ತೆರಿಗೆ ಬಾಕಿ ಉಳಿಸಿಕೊಂಡವರ ಮನೆ, ಮಳಿಗೆಗಳ ಮುಂದೆ ತಮಟೆ ಹೊಡೆಸಿತು. ನೋಟೀಸಿಗೆ ಬಗ್ಗದವರು ಸದ್ದಿಗೆ ಬಗ್ಗಿದರು ಅಂತ ಆಗ ಎಲ್ಲರೂ ನಕ್ಕರು. ತೆರಿಗೆ ಕಟ್ಟದ ಸಾಹುಕಾರನಿಗೆ ಅವಮಾನ ಮಾಡಬೇಕಾದರೆ ಯಾರ ಕೈಲಿ ತಮಟೆ ಕೊಡಬೇಕು ಅನ್ನೋದು ಪಾಲಿಕೆಯವರಿಗೂ ಚೆನ್ನಾಗಿ ಗೊತ್ತಿತ್ತು. ನಗುವಿನ ಒಳಗೆ ಇದೂ ಇತ್ತು.

ಹಳೇ ಮೈಸೂರು ಕಡೆ ತಮಟೆ, ಉತ್ತರ ಕರ್ನಾಟಕದಲ್ಲಿ ಹಲಗೆ, ಗಡಿ ದಾಟಿ ಆಂಧ್ರಕ್ಕೆ ಹೋದರೆ ಡಪ್ಪು, ತಮಿಳುನಾಡಿಗೆ ಹೋದರೆ ಪರೈ. ಹೆಸರು ಬೇರೆ, ವಾದ್ಯದ ಕುಲ ಒಂದೇ. ಮರದ ಇಲ್ಲವೆ ಕಬ್ಬಿಣದ ಒಂದು ಬಳೆ, ಅದರ ಒಂದು ಮುಖಕ್ಕೆ ಬಿಗಿದ ಚರ್ಮ, ಅಷ್ಟೆ. ಎಡ ಹೆಗಲಿಗೆ ನೇತುಹಾಕಿ ಎದೆಗೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದು ಕೈಯಲ್ಲಿ ಉದ್ದನೆಯ ತೆಳು ಬಿದಿರು ಕಡ್ಡಿ. ದಪ್ಪ ಕೋಲು ಗುಡುಗಿದರೆ ತೆಳು ಕಡ್ಡಿ ಚಟಚಟ ಅಂತ ಉತ್ತರ ಕೊಡುತ್ತದೆ. ಎರಡೂ ಸೇರಿದಾಗ ಬರುವ ಸದ್ದಿಗೆ ಕೂತವರ ಕಾಲು ತಾನಾಗಿ ಅಲ್ಲಾಡುತ್ತದೆ. ಹೊಡೆಯುವವನು ನಿಂತ ಕಡೆ ನಿಲ್ಲುವವನಲ್ಲ. ಬಾಗುತ್ತಾನೆ, ಗಿರ್ರನೆ ತಿರುಗುತ್ತಾನೆ, ಒಬ್ಬರಿಗೊಬ್ಬರು ಎದುರಾಗಿ ಸವಾಲು ಹಾಕುತ್ತಾರೆ. ಎಂಟು ಜನರ ತಂಡ ಒಂದೇ ಪೆಟ್ಟಿಗೆ ನಿಲ್ಲಿಸಿ, ಒಂದು ಉಸಿರು ಬಿಟ್ಟು, ಮತ್ತೆ ಒಂದೇ ಪೆಟ್ಟಿಗೆ ಎತ್ತುವುದಿದೆಯಲ್ಲ, ಅದಕ್ಕೆ ಎಷ್ಟು ವರ್ಷದ ಅಭ್ಯಾಸ ಬೇಕು ಅಂತ ಕಾಲೇಜಿನ ಸಂಗೀತ ಮೇಷ್ಟ್ರುಗಳನ್ನು ಕೇಳಿ ನೋಡಬೇಕು. ಬರೆದಿಟ್ಟ ಪಾಠ ಯಾವುದೂ ಇಲ್ಲ. ಅಪ್ಪನ ಹೆಗಲ ಮೇಲೆ ನೋಡಿದ್ದು, ಅಣ್ಣನ ಹಿಂದೆ ನಡೆದು ಕಲಿತದ್ದು.

ಶುರು ಮಾಡುವ ಮೊದಲು ರಸ್ತೆ ಬದಿಯಲ್ಲಿ ಹುಲ್ಲು, ಹಳೇ ಪೇಪರು ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸುವುದನ್ನು ಬಸ್ಸಿಗೆ ಕಾಯುವವರು ಬೇಕಾದಷ್ಟು ಸಲ ನೋಡಿದ್ದಾರೆ. ಚರ್ಮ ಕಾದರೆ ಬಿಗಿಯಾಗುತ್ತದೆ, ಬಿಗಿಯಾದರೆ ಸದ್ದು ಏರುತ್ತದೆ. ಮಳೆಗಾಲದ ಥಂಡಿಗೆ ಸಡಿಲವಾದರೆ ಮತ್ತೆ ಕಾಯಿಸಬೇಕು. ಜಾಸ್ತಿ ಕಾದರೆ ಚರ್ಮ ಸಿಡಿದು ಹೋಗುತ್ತದೆ, ಕಡಿಮೆಯಾದರೆ ತಂಗಳು ಸದ್ದು. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಬೆರಳಿನ ತುದಿಗೆ ಗೊತ್ತು. ಈಚೆಗೆ ಈ ಕಷ್ಟವೇ ಬೇಡ ಅಂತ ಕಬ್ಬಿಣದ ಬಳೆಗೆ ಫೈಬರ್ ಹಾಳೆ ಕೂರಿಸಿ ಬೋಲ್ಟು ತಿರುಗಿಸುವ ತಮಟೆಗಳು ಬಂದಿವೆ. ಮಳೆ ಬಂದರೂ ಭಯವಿಲ್ಲ, ಬೆಂಕಿಯೂ ಬೇಡ. ಹಳಬರು ಮೂಗು ಮುರಿಯುತ್ತಾರೆ, ಅದು ತಗಡಿನ ಸದ್ದು ಅಂತಾರೆ. ಅವರ ಮಾತಲ್ಲಿ ಸುಳ್ಳೇನಿಲ್ಲ. ಆದರೆ ಒಳ್ಳೆ ಚರ್ಮ ಸಿಕ್ಕುವುದು, ಅದನ್ನು ಹದ ಮಾಡಿ ಬಿಗಿದು ಕೊಡುವ ಕೈ ಸಿಕ್ಕುವುದು ದಿನದಿನಕ್ಕೆ ಕಷ್ಟವಾಗುತ್ತಿರುವಾಗ ಹುಡುಗರು ಫೈಬರಿಗೆ ಹೋದರೆ ಬೈದು ಪ್ರಯೋಜನವಿಲ್ಲ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಯೋಜನೆ ತಂದಾಗ 18 ಕಸುಬುಗಳ ಪಟ್ಟಿ ಮಾಡಿತು. ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ಬೊಂಬೆ ಮಾಡುವವರು, ಮೀನು ಬಲೆ ಹೆಣೆಯುವವರು, ಹೂಮಾಲೆ ಕಟ್ಟುವವರು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ತಮಟೆ ಬಿಗಿಯುವವನಿಗೆ ಅಲ್ಲಿ ಒಂದು ಸಾಲೂ ಇರಲಿಲ್ಲ.

ಇನ್ನು ಯಾರು ಹೊಡೆಯುತ್ತಾರೆ ಅನ್ನುವ ಮಾತು. ಇದನ್ನು ಮುಚ್ಚಿಟ್ಟು ಮಾತಾಡುವುದು ಸಭ್ಯತೆ ಅಂತ ಕೆಲವರು ತಿಳಿದಿದ್ದಾರೆ. ಮುಚ್ಚಿಟ್ಟರೆ ಉಳಿದದ್ದೆಲ್ಲಾ ಬರೀ ಜಾನಪದ ಭಾಷಣವಾಗುತ್ತದೆ. ತಮಟೆ ಹೊಡೆಯುವುದು ಈ ಸೀಮೆಯಲ್ಲಿ ತಲೆತಲಾಂತರದಿಂದ ಹೊಲಗೇರಿ, ಮಾದಿಗರ ಕೇರಿಯವರ ಮೇಲೆ ಹೊರಿಸಿದ ಕೆಲಸ. ಊರಲ್ಲಿ ಸಾವಾದರೆ ಹೊಡೆಯಬೇಕು, ಸಾಹೇಬರು ಬಂದರೆ ಸಾರಬೇಕು, ಕಂದಾಯ ಕಟ್ಟಿ ಅಂತ ಡಂಗುರ ಹಾಕಬೇಕು, ದೇವರು ಹೊರಟರೆ ಮುಂದೆ ಹೋಗಬೇಕು. ಪಟೇಲ, ಶ್ಯಾನುಭೋಗ, ತೋಟಿ, ತಳವಾರ ಅಂತ ವಂಶಪಾರಂಪರ್ಯವಾಗಿ ಬಂದ ಗ್ರಾಮದ ಹುದ್ದೆಗಳನ್ನು ರದ್ದು ಮಾಡುವ ಕಾನೂನು 1961ರಲ್ಲೇ ಆಯಿತು. ಪಟೇಲರ ಹುದ್ದೆ ಹೋಯಿತು, ಶ್ಯಾನುಭೋಗರ ಹುದ್ದೆ ಹೋಯಿತು. ಆದರೆ ತೋಟಿಯ ಹುದ್ದೆ ಕಾಗದದ ಮೇಲೆ ಹೋದರೂ ಕೆಲಸ ಮಾತ್ರ ಎಷ್ಟೋ ಊರಲ್ಲಿ ಹೋಗಲಿಲ್ಲ. "ನಿಮ್ಮಪ್ಪ ಹೊಡೀತಿದ್ದ, ನೀನೂ ಬಾ" ಅನ್ನುವುದಕ್ಕೆ ಗೆಜೆಟ್ ಬೇಕಾಗಿಲ್ಲವಲ್ಲ.

ಇನ್ನೂ ಒಂದು ಸಂಗತಿ. ದೇವರ ಮುಂದೆ ಮೈಲಿಗಟ್ಟಲೆ ಹೊಡೆದುಕೊಂಡು ಬಂದವರು ಗುಡಿ ಬಾಗಿಲ ಹತ್ತಿರ ಬಂದ ಕೂಡಲೇ ಪಕ್ಕಕ್ಕೆ ಸರಿಯಬೇಕಾದ ಊರುಗಳಿವೆ. ದೇವರಿಗೆ ಸದ್ದು ಮುಟ್ಟಬಹುದು, ಸದ್ದು ಮಾಡಿದವನು ಮುಟ್ಟಬಾರದು. ಇದೆಲ್ಲಾ ಹಳೇ ಕಾಲದ ಮಾತು, ಈಗೆಲ್ಲಿದೆ ಅನ್ನುವವರು 2022ರ ಸೆಪ್ಟೆಂಬರನ್ನು ಜ್ಞಾಪಿಸಿಕೊಳ್ಳಲಿ. ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಉತ್ಸವದ ವೇಳೆ ದೇವರ ಕೋಲು ಮುಟ್ಟಿದ ಅಂತ ಒಬ್ಬ ದಲಿತ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ದೇಶವೆಲ್ಲಾ ಸುದ್ದಿಯಾಗಿ ಪೊಲೀಸ್ ಕೇಸಾಯಿತು. ಅದು ಇದೇ ಕೋಲಾರ ಜಿಲ್ಲೆ, ಬೆಂಗಳೂರಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಉತ್ಸವ ಅಂದರೆ ಎಲ್ಲರ ಸಂತೋಷ ಅಂತ ಮೈಕಿನಲ್ಲಿ ಹೇಳುವವರು ಆ ಹುಡುಗನ ಮನೆಯವರನ್ನು ಒಂದು ಸಲ ಕೇಳಿ ಬಂದು ಆಮೇಲೆ ಹೇಳಲಿ.

ಹೊಡೆಯಲ್ಲ ಅಂದರೆ? ಕಾನೂನು ಬಹಳ ಚೆನ್ನಾಗಿದೆ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯಲ್ಲಿ, ಒಬ್ಬ ಇಂಥ ಜಾತಿಯಲ್ಲಿ ಹುಟ್ಟಿದ ಅನ್ನುವ ಕಾರಣಕ್ಕೇ ಅವನಿಂದ ಬಲವಂತವಾಗಿ ತೆಗೆದುಕೊಳ್ಳುವ ಸೇವೆಯೂ ಜೀತದ ಲೆಕ್ಕಕ್ಕೇ ಬರುತ್ತದೆ. 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಪರಿಶಿಷ್ಟರನ್ನು ಬಿಟ್ಟಿ ಕೆಲಸಕ್ಕೆ ಹಚ್ಚುವುದು ಅಪರಾಧ. ಅದರ 2015ರ ತಿದ್ದುಪಡಿ ಸಾಮಾಜಿಕ ಬಹಿಷ್ಕಾರವನ್ನೂ ಹೆಸರು ಹಿಡಿದು ಅಪರಾಧದ ಪಟ್ಟಿಗೆ ಸೇರಿಸಿತು. ಇಷ್ಟೆಲ್ಲಾ ಇದ್ದೂ, ತಮಟೆ ಹೊಡೆಯಲು ಒಲ್ಲೆ ಅಂದ ಕೇರಿಗೆ ಅಂಗಡಿ ಸಾಮಾನು ಬಂದ್, ಹೋಟೆಲ್ ಬಂದ್, ಕೂಲಿ ಬಂದ್ ಅನ್ನುವ ಸುದ್ದಿಗಳು ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಬರುತ್ತಲೇ ಬಂದಿವೆ. ಇಲ್ಲಿ ಅಂಗಡಿಯವರ ಪಾತ್ರವೂ ಇದೆ. ಬಹಿಷ್ಕಾರ ಹಾಕುವವರು ಊರಿನ ನಾಲ್ಕು ಜನ ಪ್ರಮುಖರಾದರೂ ಅದನ್ನು ನಡೆಸಿಕೊಡುವವನು ಗಲ್ಲಾದ ಮುಂದೆ ಕೂತವನು. ಒಂದು ಕೆ.ಜಿ. ಅಕ್ಕಿ, ಒಂದು ಬೆಂಕಿಪೊಟ್ಟಣ ಕೊಡಲ್ಲ ಅಂದ ಘಳಿಗೆಗೆ ಆತನೂ ಆ ಕೇಸಿನ ಒಳಗೆ ಬಂದ. "ನನಗ್ಯಾಕೆ ಊರ ಉಸಾಬರಿ, ಹೇಳಿದ ಹಾಗೆ ಮಾಡಿದೆ" ಅಂದರೆ ಕೋರ್ಟು ಕೇಳುವುದಿಲ್ಲ.

ತಮಟೆ ಬಿಡಬೇಕೋ ಹಿಡಿಯಬೇಕೋ ಅನ್ನುವ ವಾದ ಹೊಡೆಯುವವರ ಮನೆಯೊಳಗೇ ಐವತ್ತು ವರ್ಷದಿಂದ ನಡೆದಿದೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಹಳ್ಳಿಹಳ್ಳಿಗೆ ಹಬ್ಬಿದಾಗ ಎರಡು ಮಾತೂ ಕೇಳಿಬಂದವು. ಸತ್ತ ದನ ಹೊರುವುದು, ಹೆಣದ ಮುಂದೆ ತಮಟೆ ಹೊಡೆಯುವುದು, ಇವೇ ನಮ್ಮನ್ನು ಕೇರಿಯಲ್ಲಿ ಕಟ್ಟಿಹಾಕಿದ ಹಗ್ಗ, ಮೊದಲು ಅದನ್ನು ಎಸೆಯಿರಿ ಅಂತ ಒಂದು ಗುಂಪು. ಎಸೆದವರೂ ಇದ್ದರು. ಬೆಂಕಿಗೆ ಹಾಕಿದವರೂ ಇದ್ದರು. ತಮಟೆ ನಮ್ಮ ತಾತ ಮುತ್ತಾತಂದಿರ ಕೈಗಾರಿಕೆ, ಯಜಮಾನರ ಮನೆ ಮುಂದೆ ಹೊಡೆಯುತ್ತಿದ್ದುದನ್ನು ಯಜಮಾನರ ವಿರುದ್ಧ ಹೊಡೆಯೋಣ ಅಂತ ಇನ್ನೊಂದು ಗುಂಪು. ಹೋರಾಟದ ಹಾಡಿನ ಜತೆಗೆ ತಮಟೆ ಸೇರಿಕೊಂಡದ್ದು ಹೀಗೆ. ಆಂಧ್ರದಲ್ಲಿ 1994ರಲ್ಲಿ ಒಳಮೀಸಲಾತಿಗಾಗಿ ಶುರುವಾದ ಮಾದಿಗರ ಚಳವಳಿ ದಂಡೋರ ಅಂತಲೇ ಹೆಸರು ಪಡೆಯಿತು. ದಂಡೋರ ಅಂದರೆ ಡಂಗುರವೇ. ಆ ಕೂಗು ಕರ್ನಾಟಕಕ್ಕೂ ಹಬ್ಬಿತು. ಒಳಮೀಸಲಾತಿ ಕೊಡಲು ರಾಜ್ಯಗಳಿಗೆ ಅಧಿಕಾರವಿದೆ ಅಂತ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 2024ರ ಆಗಸ್ಟ್ 1ರಂದು ತೀರ್ಪು ಕೊಡುವ ತನಕ ಮೂವತ್ತು ವರ್ಷ ಎಷ್ಟು ಜಿಲ್ಲಾ ಕಚೇರಿಗಳ ಗೇಟಿನ ಮುಂದೆ ತಮಟೆ ಹೊಡೆದಿರಬಹುದು ಅನ್ನೋದಕ್ಕೆ ಲೆಕ್ಕ ಇಟ್ಟವರಿಲ್ಲ.

ಈ ಎರಡು ಮಾತಿನಲ್ಲಿ ಯಾವುದು ಸರಿ ಅಂತ ತೀರ್ಪು ಕೊಡುವ ಅಧಿಕಾರ ಬೇರೆಯವರಿಗಿಲ್ಲ. ಬಿಟ್ಟವನದೂ ಸರಿ, ಹಿಡಿದವನದೂ ಸರಿ. ಅಪ್ಪ ಹೊಡೆಯುತ್ತಿದ್ದ ತಮಟೆಯನ್ನು ಅಟ್ಟಕ್ಕೆ ಹಾಕಿ ಮಗ ನರಸಾಪುರದ ಕಾರ್ಖಾನೆಗೆ ಶಿಫ್ಟ್ ಬಸ್ ಹತ್ತಿದರೆ "ಅಯ್ಯೋ, ಕಲೆ ಸಾಯ್ತಾ ಇದೆ" ಅಂತ ಪೇಟೆಯಲ್ಲಿ ಕೂತು ಮರುಗುವುದು ಸುಲಭ. ಕಲೆ ಉಳಿಯಲಿ ಅನ್ನುವವರು ತಮ್ಮ ಮಗನ ಹೆಗಲಿಗೆ ಮೊದಲು ಒಂದು ತಮಟೆ ಹಾಕಲಿ. ಕಾಲೇಜು ಯುವಜನೋತ್ಸವಗಳಲ್ಲಿ ಈಗ ಎಲ್ಲ ಜಾತಿಯ ಹುಡುಗರೂ ತಮಟೆ ಹಿಡಿಯುತ್ತಿದ್ದಾರೆ, ಹೆಣ್ಣುಮಕ್ಕಳ ತಂಡಗಳೂ ಬಂದಿವೆ. ಇದು ನಿಜವಾಗಿಯೂ ಒಳ್ಳೆ ಸಂಗತಿ. ಆದರೆ ಸ್ಟೇಜಿನ ಮೇಲೆ ಹೊಡೆದವರಿಗೆ ಹಾರ, ಶಾಲು, ಸರ್ಟಿಫಿಕೇಟು. ಬೀದಿಯಲ್ಲಿ ಹೊಡೆದವನಿಗೆ "ಏಯ್, ಇನ್ನೂ ಜೋರಾಗಿ ಹೊಡಿಯೋ". ಸದ್ದು ಒಂದೇ, ಮರ್ಯಾದೆ ಎರಡು ತರ.

ಮರ್ಯಾದೆ ಎಂದಾಗ ಒಂದು ಮಾತು. ಚಿಕ್ಕಬಳ್ಳಾಪುರ ಜಿಲ್ಲೆಯ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಹೊಡೆದೇ ಬಂದ ಪದ್ಮಶ್ರೀ. ಆವತ್ತು ಫ್ಲೆಕ್ಸ್ ಕಟ್ಟದ ಪುಢಾರಿ ಈ ಎರಡು ಜಿಲ್ಲೆಯಲ್ಲಿ ಇರಲಿಲ್ಲ ಅಂದರೂ ನಡೆಯುತ್ತದೆ. ಅದು ಆ ಹಿರಿಯರ ಕೈಗೆ ಸಂದ ಗೌರವ, ಸಂತೋಷಪಡಬೇಕಾದ್ದೇ. ಆದರೆ ಒಬ್ಬರಿಗೆ ದೆಹಲಿಯಲ್ಲಿ ಪದಕ ಕೊಟ್ಟ ಮೇಲೆ ಇಲ್ಲಿ ಮಿಕ್ಕ ನೂರು ಜನರ ಬಾಕಿ ಚುಕ್ತಾ ಆಯಿತು ಅಂತ ಲೆಕ್ಕ ಬರೆದುಬಿಡುವ ಚಾಳಿ ನಮ್ಮ ಕಡೆ ಜಾಸ್ತಿ.

ಬಾಕಿ ಅನ್ನೋದು ಬರೀ ಮಾತಿನ ಅಲಂಕಾರವಲ್ಲ. ಜಾತ್ರೆ ಕಮಿಟಿಯವರು, ಗಣಪತಿ ಕಮಿಟಿಯವರು, ಪಾರ್ಟಿಯವರು ತಂಡವನ್ನು ಗೊತ್ತು ಮಾಡುವ ರೀತಿ ನೋಡಿದರೆ ಇದು ಗೊತ್ತಾಗುತ್ತದೆ. ಮಧ್ಯೆ ಒಬ್ಬ ಏಜೆಂಟ್ ಇರುತ್ತಾನೆ. ಕಮಿಟಿಯವರು ಅವನಿಗೆ ಎಷ್ಟು ಕೊಟ್ಟರು, ಅವನು ಹೊಡೆಯುವವನ ಕೈಗೆ ಎಷ್ಟು ಹಾಕಿದ, ಇದು ದೇವರಿಗೇ ಗೊತ್ತು. ಮೂರು ಗಂಟೆ ಅಂತ ಕರೆಸಿ ಎಂಟು ಗಂಟೆ ಹೊಡೆಸುತ್ತಾರೆ. ಶಾಮಿಯಾನದವನಿಗೆ ಅಡ್ವಾನ್ಸ್, ಪಟಾಕಿಯವನಿಗೆ ಅಡ್ವಾನ್ಸ್, ಜನರೇಟರ್ ಅಂತೂ ಪೂರ್ತಿ ದುಡ್ಡು ಕೊಡದೆ ಜಾಗ ಬಿಟ್ಟು ಕದಲುವುದಿಲ್ಲ. ತಮಟೆಯವರಿಗೆ ಮಾತ್ರ "ನಾಳೆ ಬಾರಪ್ಪ, ಕಮಿಟಿ ಲೆಕ್ಕ ಆಗಬೇಕು". ನಾಳೆ ಹೋದರೆ ಖಜಾಂಚಿ ಧರ್ಮಸ್ಥಳಕ್ಕೆ ಹೋಗಿರುತ್ತಾರೆ. ಮೂರನೆ ಸಲ ಬಂದವನಿಗೆ ಒಪ್ಪಿದ್ದರಲ್ಲಿ ಅರ್ಧ ಕೊಟ್ಟು ಬಾಕಿ ಅರ್ಧಕ್ಕೆ ಒಂದು ಬಾಟಲಿ ತೋರಿಸುವ ಪದ್ಧತಿಯೂ ಇದೆ. ಆಮೇಲೆ ಅದೇ ಜನ "ಈ ತಮಟೆಯವರೆಲ್ಲಾ ಕುಡುಕರು ಕಣ್ರೀ" ಅಂತಾರೆ. ಕುಡಿಸುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಎಂಟು ಗಂಟೆ ಎದೆಗೊತ್ತಿ ಹೊಡೆದವನ ಬೆರಳು ಬಾತಿರುತ್ತದೆ, ಭುಜ ಉಳುಕಿರುತ್ತದೆ. ವರ್ಷಗಟ್ಟಲೆ ಹೀಗೆ ದೊಡ್ಡ ಸದ್ದಿನ ಪಕ್ಕದಲ್ಲೇ ಇದ್ದರೆ ಕಿವಿ ಮಂದವಾಗುತ್ತದೆ ಅಂತ ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. ಅರ್ಜಿ ಜತೆಗೆ ಕಾರ್ಯಕ್ರಮ ಕೊಟ್ಟದ್ದಕ್ಕೆ ದಾಖಲೆ ಇಡಿ ಅನ್ನುತ್ತಾರೆ. ಹೆಣದ ಮುಂದೆ ಹೊಡೆದದ್ದಕ್ಕೆ ಯಾರಪ್ಪಾ ಸರ್ಟಿಫಿಕೇಟು ಬರೆದುಕೊಡುತ್ತಾರೆ?

ಹೋರಾಟದ ಕಡೆಯವರು ಇದನ್ನೆಲ್ಲಾ ಓದಿ ತಲೆದೂಗಬಹುದು. ಅವರದೂ ಒಂದು ಚೂರು ಇದೆ. ಧರಣಿಗೆ ತಮಟೆ ಬೇಕೇ ಬೇಕು. ಘೋಷಣೆ ಕೂಗಿ ಗಂಟಲು ಕಟ್ಟಿದಾಗ, ಬಿಸಿಲಿಗೆ ಜನ ಒಬ್ಬೊಬ್ಬರಾಗಿ ನೆರಳಿಗೆ ಸರಿಯುವಾಗ, ತಾಲೂಕು ಆಫೀಸಿನ ಮುಂದೆ ಗುಂಪನ್ನು ಹಿಡಿದು ನಿಲ್ಲಿಸುವುದು ಆ ಸದ್ದು. ಟಿ.ವಿ.ಯವರು ಕ್ಯಾಮೆರಾ ತಿರುಗಿಸುವುದೂ ಭಾಷಣದ ಕಡೆಗಲ್ಲ, ತಮಟೆ ಕಡೆಗೇ. ಅಷ್ಟಾಗಿ, ಹೊಡೆದವನು ಸಂಜೆ ಕೂಲಿ ಕೇಳಿದರೆ "ಇದು ನಿಮ್ಮದೇ ಹೋರಾಟ ಅಲ್ವೇನಪ್ಪಾ?" ಅನ್ನುವ ಮುಖಂಡರಿದ್ದಾರೆ. ಮೈಕ್ ಸೆಟ್ಟಿನವನಿಗೆ ಹೀಗೆ ಯಾರೂ ಹೇಳಿದ್ದಿಲ್ಲ. ಕನಿಷ್ಠ ಕೂಲಿಗಾಗಿ ನಡೆಯುವ ಮೆರವಣಿಗೆಯ ಮುಂದೆ ಕೂಲಿಯಿಲ್ಲದೆ ತಮಟೆ ಹೊಡೆಸುವುದು ಅದೆಂಥ ನ್ಯಾಯವೋ. ತನ್ನ ಸಂಘಟನೆ ಅಂತ ಪ್ರೀತಿಯಿಂದ ಬಂದು ಹೊಡೆಯುವವನು ಬೇರೆ, ಅವನ ಕೈ ಮುಗಿಯಬೇಕು. ದಿನದ ಕೂಲಿ ಬಿಟ್ಟು ಬಂದವನಿಗೆ ದಿನದ ಕೂಲಿ ಕೊಟ್ಟು ಕಳಿಸಬೇಕು.

ಧರಣಿಗೆ ಜಾಗವೂ ಕಿರಿದಾಗುತ್ತಿದೆ. ಬೆಂಗಳೂರಿನಲ್ಲಿ ಪ್ರತಿಭಟನೆ, ಮೆರವಣಿಗೆಗಳನ್ನೆಲ್ಲಾ ಫ್ರೀಡಂ ಪಾರ್ಕಿನೊಳಗೆ ಕಟ್ಟಿಹಾಕುವ ಆದೇಶ 2021ರಲ್ಲಿ ಬಂತು. ಟ್ರಾಫಿಕ್ಕಿಗೆ ಅದು ಅನುಕೂಲ ಇರಬಹುದು. ಆದರೆ ಗೋಡೆಯ ಒಳಗೆ ಹೊಡೆದ ತಮಟೆ ಯಾರಿಗೆ ಕೇಳಿಸಬೇಕು? ಜಿಲ್ಲೆಗಳಲ್ಲೂ ಅದೇ ಚಾಳಿ ಹಬ್ಬಿದರೆ ಆಶ್ಚರ್ಯವಿಲ್ಲ. ಊರ ಹೊರಗಿನ ಹೊಸ ಕಚೇರಿ ಸಂಕೀರ್ಣದ ಪಕ್ಕದ ಮೈದಾನ ತೋರಿಸಿ, ಅಲ್ಲಿ ಎಷ್ಟು ಬೇಕಾದರೂ ಹೊಡೆದುಕೊಳ್ಳಿ ಅನ್ನಬಹುದು. ಅಲ್ಲಿ ಕೇಳುವುದಕ್ಕೆ ನೀಲಗಿರಿ ಮರಗಳು ಮಾತ್ರ ಇರುತ್ತವೆ.

ಬಸ್ಸಿನ ಪ್ರಯಾಣಿಕರ ಸಂಕಟ ಸುಳ್ಳಲ್ಲ. ಕೊನೆ ಬಸ್ ತಪ್ಪಿದರೆ ಹಳ್ಳಿಗೆ ಹೋಗುವ ಗತಿಯಿಲ್ಲ, ಆಸ್ಪತ್ರೆಗೆ ಹೊರಟವರು ನಡುರಸ್ತೆಯಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಸಿಟ್ಟು ಬರಬೇಕಾದ್ದು ಯಾರ ಮೇಲೆ? ಎಂಟು ಜನ ತಮಟೆಯವರು ರಸ್ತೆಯ ಒಂದು ಪಕ್ಕದಲ್ಲಿ ನಡೆದುಹೋಗುತ್ತಾರೆ, ಹತ್ತು ನಿಮಿಷಕ್ಕೆ ಸರ್ಕಲ್ ಬಿಡುತ್ತಾರೆ. ರಸ್ತೆಗೆ ಅಡ್ಡ ನಿಲ್ಲುವುದು ಲಾರಿ ತುಂಬಾ ಸ್ಪೀಕರ್ ಕಟ್ಟಿಕೊಂಡ ಡಿಜೆ, ಅದರ ಹಿಂದೆ ಜನರೇಟರ್ ಗಾಡಿ, ಅದರ ಹಿಂದೆ ಬೈಕಿನ ಸೈನ್ಯ. ಅದು ಕದಲಬೇಕಾದರೆ ಮೇಲಿನ ವೈರು ಎತ್ತಬೇಕು, ಫ್ಲೆಕ್ಸ್ ಬಿಚ್ಚಬೇಕು.

ಡಿಜೆ ಬಂದ ಮೇಲೆ ತಮಟೆಗೆ ಕರೆ ಕಡಿಮೆಯಾಗಿದೆ. ಚಂದಾ ದುಡ್ಡಿನಲ್ಲಿ ದೊಡ್ಡ ಪಾಲು ಡಿಜೆಗೆ, ಉಳಿದ ಚಿಲ್ಲರೆ ತಮಟೆಗೆ. ಆ ಚಂದಾ ಕೊಡುವವರು ಯಾರು? ಮತ್ತೆ ಅಂಗಡಿಯವರೇ. ರಸೀದಿ ಪುಸ್ತಕ ಹಿಡಿದು ಬಂದ ಹುಡುಗರಿಗೆ ಕೊಟ್ಟು ಕಳಿಸಿ, ಆಮೇಲೆ ಅದೇ ದುಡ್ಡಿನ ಡಿಜೆಗೆ ಷೋಕೇಸಿನ ಗಾಜು ಗಡಗಡ ನಡುಗಿದಾಗ ಕಿವಿ ಮುಚ್ಚಿಕೊಂಡು ಕೂರುವವರು. ತಮ್ಮ ದುಡ್ಡಿನಿಂದ ತಮ್ಮ ಗಾಜು ಅಲ್ಲಾಡಿಸಿಕೊಳ್ಳುವ ವ್ಯಾಪಾರ ಬೇರೆ ಯಾವ ಊರಿನ ವರ್ತಕರೂ ಮಾಡಲಿಕ್ಕಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಅಂಗಡಿ ಬೀದಿಯಲ್ಲಿ ಹಗಲು 65 ಡೆಸಿಬಲ್, ರಾತ್ರಿ 55. ಮನೆಗಳಿರುವ ಕಡೆ 55 ಮತ್ತು 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. 2010ರ ತಿದ್ದುಪಡಿ ಆ ಹೊತ್ತಿನಲ್ಲಿ ವಾದ್ಯಗಳಿಗೂ ನಿರ್ಬಂಧ ಹಾಕಿತು, ಅದರಲ್ಲಿ ತಮಟೆಯೂ ಬಂತು. ಸರಿ, ಒಪ್ಪೋಣ. ರಾತ್ರಿ ಹತ್ತಾದ ಮೇಲೆ ತಮಟೆಯೂ ನಿಲ್ಲಲಿ, ಮಲಗಿದ ಮಗುವಿಗೆ ಡಿಜೆಯೂ ಒಂದೇ, ತಮಟೆಯೂ ಒಂದೇ. ಆದರೆ ಪೊಲೀಸಿನವರು ಹತ್ತು ಗಂಟೆ ಐದು ನಿಮಿಷಕ್ಕೆ ಬಂದು ಮೊದಲು ಕಿತ್ತುಕೊಳ್ಳುವುದು ತಮಟೆಯ ಕೋಲನ್ನು. ಡಿಜೆ ಲಾರಿಯ ಹಿಂದೆ ಯಾರ ಫೋನ್ ಇದೆ ಅಂತ ವಿಚಾರಿಸಿ, ಆಮೇಲೆ ಹನ್ನೊಂದೂವರೆಗೆ ಅದರ ಬಳಿ ಹೋಗುತ್ತಾರೆ.

ಈಚಿನ ವರ್ಷಗಳಲ್ಲಿ, 2025ರ ಗಣೇಶ ಹಬ್ಬದಲ್ಲೂ, ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಮೆರವಣಿಗೆಗೆ ಡಿಜೆ ಬೇಡ ಅಂತ ಜಿಲ್ಲಾಡಳಿತ ಕಡ್ಡಿ ಮುರಿದು ಹೇಳಿತು. ಹಬ್ಬಕ್ಕೆ ಅಡ್ಡಿ ಅಂತ ಗದ್ದಲವೂ ಆಯಿತು. ಡಿಜೆ ಇಲ್ಲದಿದ್ದರೆ ಗಣಪತಿ ನೀರಿಗೆ ಇಳಿಯಲ್ಲ ಅಂತ ಯಾವ ಪುರಾಣದಲ್ಲೂ ಬರೆದಿಲ್ಲ. ತಮಟೆ, ಡೊಳ್ಳು, ನಾದಸ್ವರ ಇದ್ದರೆ ಸಾಲದೇ? ಒಂದು ಡಿಜೆಯ ಬಾಡಿಗೆಯಲ್ಲಿ ಎರಡು ಮೂರು ತಂಡಕ್ಕೆ ಹೊಟ್ಟೆ ತುಂಬಾ ಊಟ ಹಾಕಿ, ಕೈ ತುಂಬಾ ಕೂಲಿ ಕೊಡಬಹುದು. ಆ ದುಡ್ಡು ಇದೇ ಪೇಟೆಯಲ್ಲಿ ಅಕ್ಕಿ, ಬೇಳೆ, ಬಟ್ಟೆಗೆ ವಾಪಸು ಬರುತ್ತದೆ. ಡಿಜೆಯವನು ಬೆಳಗಾಗುವುದರೊಳಗೆ ದುಡ್ಡು ಕಟ್ಟಿಕೊಂಡು ಹೈವೇ ಹತ್ತಿರುತ್ತಾನೆ. ಮಿಕ್ಕದ್ದು ಗೊತ್ತಾಗದಿದ್ದರೂ ಈ ಲೆಕ್ಕವಾದರೂ ವರ್ತಕರಿಗೆ ಗೊತ್ತಾಗಬೇಕು.

ಮುಂದಿನ ಗಣಪತಿ ಹಬ್ಬಕ್ಕೆ ಮೊದಲು ಪೊಲೀಸ್ ಠಾಣೆಯಲ್ಲಿ ಎಂದಿನಂತೆ ಶಾಂತಿ ಸಭೆ ಕರೆಯುತ್ತಾರೆ. ಕಮಿಟಿಗಳ ಅಧ್ಯಕ್ಷರು, ವರ್ತಕರ ಸಂಘದವರು, ನಗರಸಭೆಯವರು, ಬೆಸ್ಕಾಂನವರು, ಎಲ್ಲರಿಗೂ ಅಲ್ಲಿ ಕುರ್ಚಿ ಇರುತ್ತದೆ, ಟೀ ಬಿಸ್ಕತ್ತು ಇರುತ್ತದೆ. ಅದೇ ಸಭೆಗೆ ತಮಟೆ ತಂಡಗಳ ಹಿರಿಯರನ್ನೂ ಕರೆಸಿ ಕೂರಿಸಲಿ. ಇಷ್ಟು ಗಂಟೆಗೆ ಇಷ್ಟು ದುಡ್ಡು, ಹೆಚ್ಚಿಗೆ ಹೊಡೆಸಿದರೆ ಹೆಚ್ಚಿಗೆ ಇಷ್ಟು, ಅರ್ಧ ಮುಂಗಡ, ಉಳಿದರ್ಧ ಮೆರವಣಿಗೆ ಮುಗಿದ ಜಾಗದಲ್ಲೇ ಅವರ ಕೈಗೆ ಅಂತ ಒಂದು ಚೀಟಿ ಬರೆದು ಎರಡು ಕಡೆಯವರೂ ಸಹಿ ಹಾಕಲಿ. ಏಜೆಂಟನ ಕಮಿಷನ್ ಎಷ್ಟು ಅನ್ನುವುದೂ ಅದೇ ಚೀಟಿಯಲ್ಲಿ ಇರಲಿ. ಊಟ ಎಲ್ಲರ ಪಂಕ್ತಿಯಲ್ಲೇ, ಬಾಟಲಿ ಯಾರಿಗೂ ಬೇಡ. ಚಂದಾ ಕೊಡುವ ಅಂಗಡಿಯವರು ರಸೀದಿ ಹರಿಯುವ ಮೊದಲು "ಆ ಚೀಟಿ ತೋರಿಸ್ರಪ್ಪಾ" ಅಂತ ಕೇಳಲಿ. ಹೋದ ವರ್ಷದ ಬಾಕಿ ಯಾವ ಯಾವ ಕಮಿಟಿಯದು ಉಳಿದಿದೆ ಅನ್ನುವುದನ್ನು ತಂಡದವರು ಅದೇ ಸಭೆಯಲ್ಲಿ ಎದ್ದು ನಿಂತು ಹೆಸರು ಹಿಡಿದು ಓದಲಿ. ಇನ್‌ಸ್ಪೆಕ್ಟರ್ ಸಾಹೇಬರು ಕೂತು ಕೇಳಿಸಿಕೊಳ್ಳಲಿ.